ಹೊಸ ರಿಕಾಂಬಿನೆಂಟ್ ಎನ್ಜೈಮ್ ವಯಲ್ ಬಂದ ದಿನ ಏನೇನು ಮಾಡ್ಬೇಕು: ಲೇಬಲ್ ಓದೋದರಿಂದ ಆಕ್ಟಿವಿಟಿ ಅಳೆಯೋವರೆಗೆ

ಎನ್ಜೈಮ್ (ಕಿಣ್ವ) ತುಂಬಿದ ವಯಲ್, ಅಂದ್ರೆ ಪುಟ್ಟ ಸೀಸೆ, ಬಂದಿದೆ, ಒಳಗೆ ಏನೂ ಕಾಣ್ತಿಲ್ಲ, ಖಾಲಿ ಕಳಿಸಿಬಿಟ್ಟಿದ್ದಾರೇನೋ ಅಂತ ಲ್ಯಾಬ್‌ಗೆ ಹೊಸದಾಗಿ ಸೇರಿದವರು ಗಾಬರಿಯಾಗಿ ಬಂದು ಕೇಳ್ತಾನೇ ಇರ್ತಾರೆ. ಖಾಲಿ ಇರಲ್ಲ. ಲೇಬಲ್ ಮೇಲಿರೋ 50 ಮೈಕ್ರೋಗ್ರಾಂ ಅಂದ್ರೆ ಒಂದು ಮಿಲಿಗ್ರಾಂನಲ್ಲಿ ಇಪ್ಪತ್ತರಲ್ಲೊಂದು ಪಾಲು, ಅಷ್ಟನ್ನ ಒಣಗಿಸಿಟ್ರೆ ವಯಲ್ ತಳದಲ್ಲೋ ಗೋಡೆಗೋ ತೆಳ್ಳಗೆ ಬೆಳ್ಳಗೆ ಪೊರೆ ಥರ ಅಂಟ್ಕೊಂಡಿರತ್ತೆ, ಬೆಳಕಿಗೆ ಹಿಡಿದು ತಿರುಗಿಸಿದ್ರೆ ಮಾತ್ರ ಕಾಣತ್ತೆ, ಕೆಲವು ಸಲ ಅದೂ ಕಾಣಲ್ಲ. ಅದರ ಬಗ್ಗೆ ಚಿಂತೆ ಬೇಡ. ಚಿಂತೆ ಮಾಡ್ಬೇಕಾದ್ದು ಬೇರೆ ಇದೆ, ಒಳಗಿರೋ ಎನ್ಜೈಮ್ ಕೆಲಸ ಮಾಡತ್ತಾ ಇಲ್ವಾ ಅನ್ನೋದು.

ನಾನು ಇದನ್ನ ಕಲಿತದ್ದು ಎರಡು ವಾರ ಕಳ್ಕೊಂಡು. ಒಂದು ಕಂಪನಿಯಿಂದ ತರಿಸಿದ ಬ್ಯಾಕ್ಟೀರಿಯಾ ಎನ್ಜೈಮ್, ಲೇಬಲ್ ಮೇಲೆ ಶುದ್ಧತೆ 90 ಪರ್ಸೆಂಟ್‌ಗಿಂತ ಜಾಸ್ತಿ ಅಂತ ಇತ್ತು, ಜೆಲ್ (ಪ್ರೋಟೀನ್‌ಗಳನ್ನ ಗಾತ್ರದ ಪ್ರಕಾರ ಬೇರ್ಪಡಿಸಿ ನೋಡೋ ವಿಧಾನ) ಓಡಿಸಿದ್ರೆ ಸರಿಯಾದ ಜಾಗದಲ್ಲೇ ದಪ್ಪಗೆ ಒಂದೇ ಬ್ಯಾಂಡ್, ಅದನ್ನ ನಂಬ್ಕೊಂಡು ಸೀದಾ ಇನ್ಹಿಬಿಟರ್, ಅಂದ್ರೆ ಎನ್ಜೈಮನ್ನ ತಡೆಯೋ ಕಾಂಪೌಂಡ್‌ಗಳ, ಪ್ರಯೋಗ ಶುರು ಮಾಡಿದೆ, ಹಾಕಿದ ಪ್ರತಿಯೊಂದು ಕಾಂಪೌಂಡೂ ಎನ್ಜೈಮನ್ನ ಪೂರ್ತಿ ನಿಲ್ಲಿಸ್ತಿದೆ ಅನ್ನೋ ಥರ ರಿಸಲ್ಟ್ ಬರ್ತಿತ್ತು. ಕೊನೆಗೊಂದಿನ ಕಾಂಪೌಂಡೇ ಹಾಕದ ಟ್ಯೂಬನ್ನ ಗಮನ ಇಟ್ಟು ನೋಡಿದೆ, ಅದರಲ್ಲೂ ಏನೂ ನಡೀತಿರ್ಲಿಲ್ಲ. ವಯಲ್ ಜೊತೆ ಬಂದ ಮಾಹಿತಿ ಹಾಳೆ, ಅಂದ್ರೆ ಡೇಟಾಶೀಟ್, ಮತ್ತೆ ತೆಗೆದು ಓದಿದ್ರೆ ಆಕ್ಟಿವಿಟಿ (ಎನ್ಜೈಮ್ ಎಷ್ಟು ಕೆಲಸ ಮಾಡತ್ತೆ) ಅನ್ನೋ ಸಾಲಿನ ಮುಂದೆ ಟೆಸ್ಟ್ ಮಾಡಿಲ್ಲ ಅಂತ ಬರೆದೇ ಇತ್ತು, ನಾನೇ ಓದಿರ್ಲಿಲ್ಲ. ಅವತ್ತಿನಿಂದ ಯಾವ ಎನ್ಜೈಮ್ ಬಂದ್ರೂ ಬೇರೆ ಪ್ರಯೋಗಕ್ಕೆ ಹಾಕೋ ಮುಂಚೆ ಅದರ ಆಕ್ಟಿವಿಟಿ ನಾನೇ ಅಳೆದು ನೋಟ್‌ಬುಕ್‌ನಲ್ಲಿ ನಂಬರ್ ಬರ್ಕೋತೀನಿ. ಈ ಲೇಖನ ಪೂರ್ತಿ ಆ ಒಂದು ನಂಬರ್ ಪಡೆಯೋದು ಹೇಗೆ ಅನ್ನೋದ್ರ ಬಗ್ಗೆನೇ.

ಉದಾಹರಣೆಗೆ ಒಂದು ಎನ್ಜೈಮ್ ಹಿಡ್ಕೊಂಡು ಹೇಳ್ತೀನಿ, ಇ. ಕೋಲೈ ಬ್ಯಾಕ್ಟೀರಿಯಾದ ಬೀಟಾ ಗ್ಯಾಲಕ್ಟೊಸಿಡೇಸ್. ಹಾಲಿನ ಸಕ್ಕರೆ ಲ್ಯಾಕ್ಟೋಸನ್ನ ಗ್ಲೂಕೋಸ್ ಮತ್ತೆ ಗ್ಯಾಲಕ್ಟೋಸ್ ಆಗಿ ಒಡೆಯೋ ಕಿಣ್ವ ಇದು. ಲ್ಯಾಕ್ ಝೆಡ್ ಅನ್ನೋ ಜೀನ್‌ನಿಂದ ಬರತ್ತೆ, 1961ರಲ್ಲಿ ಫ್ರಾಂಸ್ವಾ ಜಾಕೋಬ್ ಮತ್ತೆ ಜಾಕ್ ಮೊನೋ ಜೀನ್‌ಗಳು ಆನ್ ಆಫ್ ಆಗೋದು ಹೇಗೆ ಅಂತ ವಿವರಿಸಿದ್ದು ಈ ಜೀನ್ ಇರೋ ಲ್ಯಾಕ್ ಆಪರಾನ್ ಇಟ್ಕೊಂಡೇ, 1965ರಲ್ಲಿ ಆಂದ್ರೆ ಲ್ವಾಫ್ ಜೊತೆ ಅವರಿಗೆ ನೊಬೆಲ್ ಬಂತು. ನಾನು ಇದನ್ನ ಆರಿಸ್ಕೊಂಡಿದ್ದು ಬೇರೆ ಕಾರಣಕ್ಕೆ, ಇದರ ಟೆಸ್ಟ್‌ನಲ್ಲಿ ಬಣ್ಣ ಕಣ್ಣಿಗೇ ಕಾಣತ್ತೆ, ಮಷಿನ್ ನಂಬೋಕೆ ಮುಂಚೆ ಕಣ್ಣಿಂದಲೇ ನೋಡ್ಬಹುದು. ನಿಮ್ಮ ಎನ್ಜೈಮ್ ಬೇರೆ ಇದ್ರೂ ಕೆಲಸದ ದಾರಿ ಇದೇ, ಸಬ್‌ಸ್ಟ್ರೇಟು (ಎನ್ಜೈಮ್ ಯಾವುದರ ಮೇಲೆ ಕೆಲಸ ಮಾಡತ್ತೋ ಆ ವಸ್ತು), ಬಫರು (ಪಿಎಚ್ ಕದಲದ ಹಾಗೆ ಇಡೋ ದ್ರಾವಣ) ಮಾತ್ರ ಬದಲಾಗತ್ತೆ.

ತೆಗೆಯೋಕೆ ಮುಂಚೆ ಡೇಟಾಶೀಟ್ ಓದಿ

ಪೂರ್ತಿ ಓದಿ, ಕ್ಯಾಟಲಾಗ್ ನಂಬರ್ ನೋಡಿ ಮಡಚಿಡ್ಬೇಡಿ. ಮೊದಲು ಗಮನಿಸ್ಬೇಕಾದ್ದು ಎರಡು ಹೆಸರು. ಒಂದು ಈ ಪ್ರೋಟೀನ್ ಮೂಲದಲ್ಲಿ ಯಾವ ಜೀವಿದು ಅಂತ, ಇನ್ನೊಂದು ಇದನ್ನ ಯಾವ ಜೀವಿ ಒಳಗೆ ತಯಾರು ಮಾಡಿದ್ದಾರೆ ಅಂತ. ರಿಕಾಂಬಿನೆಂಟ್ ಅಂದ್ರೇನೇ ಅದು, ಜೀನನ್ನ ಒಂದು ಪ್ಲಾಸ್ಮಿಡ್‌ಗೆ (ಉಂಗುರದಂಥ ಸಣ್ಣ ಡಿಎನ್‌ಎಗೆ) ಹಾಕಿ ಬೇರೆ ಜೀವಕೋಶದಲ್ಲಿ ಪ್ರೋಟೀನ್ ಮಾಡಿಸೋದು. ಬ್ಯಾಕ್ಟೀರಿಯಾ ಎನ್ಜೈಮನ್ನ ಯೀಸ್ಟ್‌ನಲ್ಲಿ, ಕೀಟದ ಕೋಶದಲ್ಲಿ, ಸಸ್ತನಿ ಕೋಶದಲ್ಲಿ ಮಾಡಿ ಮಾರೋದೂ ಉಂಟು, ಒಂದೇ ಹೆಸರಿನ ಪ್ರೋಟೀನ್ ನಾಲ್ಕು ಹೋಸ್ಟ್‌ನಲ್ಲಿ (ತಯಾರು ಮಾಡಿಸೋ ಜೀವಿ) ನಾಲ್ಕು ಕ್ಯಾಟಲಾಗ್ ನಂಬರ್‌ನಲ್ಲಿ ಸಿಗತ್ತೆ. ಯೀಸ್ಟ್ ಥರದ ಕೋಶದಲ್ಲಿ, ಪ್ರೋಟೀನನ್ನ ಹೊರಗೆ ಸ್ರವಿಸೋ ಹಾಗೆ ಮಾಡಿಸಿದ್ರೆ, ಬ್ಯಾಕ್ಟೀರಿಯಾ ಎಂದೂ ಹಾಕದ ಜಾಗದಲ್ಲಿ ಸಕ್ಕರೆ ಸರಪಳಿ ಸೇರ್ಕೋಬಹುದು, ಬ್ಯಾಕ್ಟೀರಿಯಾ ಎನ್ಜೈಮ್ ಬೇಕು ಅಂದ್ರೆ ಸಾಮಾನ್ಯವಾಗಿ ಇ. ಕೋಲೈನಲ್ಲೇ ಮಾಡಿದ್ದು ತಗೊಳ್ಳೋದು ವಾಸಿ.

ಆಮೇಲೆ ಉದ್ದ. ಬೀಟಾ ಗ್ಯಾಲಕ್ಟೊಸಿಡೇಸ್ ಪೂರ್ತಿ 1,024 ಅಮೈನೋ ಆಮ್ಲದ ಸರಪಳಿ, ಒಂದೊಂದು ಸುಮಾರು 116 ಕಿಲೋಡಾಲ್ಟನ್ ತೂಗತ್ತೆ, ಅಂಥವು ನಾಲ್ಕು ಸೇರಿ ಸುಮಾರು 465 ಕಿಲೋಡಾಲ್ಟನ್ ಟೆಟ್ರಾಮರ್ ಆದಾಗ ಮಾತ್ರ ಕೆಲಸ ಮಾಡತ್ತೆ. ಡೇಟಾಶೀಟ್‌ನಲ್ಲಿ ಪಾರ್ಶಿಯಲ್ (ಪೂರ್ತಿ ಅಲ್ಲ, ಒಂದು ಭಾಗ ಮಾತ್ರ) ಅಂತ ಒಂದು ಪದ ಇದ್ರೆ ಅಲ್ಲೇ ನಿಂತ್ಕೊಳ್ಳಿ. ಈ ಎನ್ಜೈಮ್‌ನ ಮುಂದಿನ ತುದಿಯಲ್ಲಿ 11ರಿಂದ 41ರವರೆಗಿನ ಅಮೈನೋ ಆಮ್ಲ ತೆಗೆದ್ರೆ ಸಾಕು, ನಾಲ್ಕು ಸೇರ್ಕೊಳ್ಳಕ್ಕಾಗದೆ ಆಕ್ಟಿವಿಟಿ ಹೋಗ್ಬಿಡತ್ತೆ, ಸಾವಿರದಲ್ಲಿ ಮೂವತ್ತೊಂದು ಅಷ್ಟೇ. ಆ ಸಣ್ಣ ತುಂಡನ್ನ ಬೇರೆಯಾಗಿ ಕೊಟ್ರೆ ಮತ್ತೆ ಜೀವ ಬರತ್ತೆ, ಕ್ಲೋನಿಂಗ್ ಮಾಡೋರು ಪ್ಲೇಟ್ ಮೇಲೆ ನೀಲಿ ಕಾಲನಿ ಬಿಳಿ ಕಾಲನಿ ನೋಡೋದು ಈ ಗುಟ್ಟಿನ ಮೇಲೆ. ಹಾಗಾಗಿ ಪಾರ್ಶಿಯಲ್ ಪ್ರೋಟೀನ್ ಆಂಟಿಬಾಡಿ ಮಾಡ್ಸೋಕೆ, ವೆಸ್ಟರ್ನ್ ಬ್ಲಾಟ್‌ನಲ್ಲಿ (ಆಂಟಿಬಾಡಿಯಿಂದ ಪ್ರೋಟೀನ್ ಪತ್ತೆ ಮಾಡೋ ಪರೀಕ್ಷೆ) ಕಂಟ್ರೋಲ್ ಆಗಿ ಇಡೋಕೆ ಚೆನ್ನಾಗಿರತ್ತೆ, ಎನ್ಜೈಮ್ ಕೆಲಸಕ್ಕೆ ಆಗತ್ತೆ ಅಂತ ಅಂದ್ಕೋಬೇಡಿ.

ಟ್ಯಾಗ್, ಅಂದ್ರೆ ಶುದ್ಧ ಮಾಡೋಕೆ ಅನುಕೂಲ ಆಗ್ಲಿ ಅಂತ ಪ್ರೋಟೀನ್‌ಗೆ ಅಂಟಿಸಿರೋ ತುಂಡು, ಏನು ಅಂತ ನೋಡಿ. ಆರು ಹಿಸ್ಟಿಡಿನ್‌ನ ಹಿಸ್ ಟ್ಯಾಗ್ ಸುಮಾರು 0.8 ಕಿಲೋಡಾಲ್ಟನ್, ಬಹಳ ಸಲ ತೊಂದರೆ ಕೊಡಲ್ಲ. ಜಿಎಸ್‌ಟಿ ಟ್ಯಾಗ್ ಸುಮಾರು 26, ಎಂಬಿಪಿ 40ರ ಮೇಲೆ, ಇವು ಜೊತೆಗಿದ್ರೆ ಜೆಲ್‌ನಲ್ಲಿ ಬ್ಯಾಂಡ್ ಮೇಲೆ ಹೋಗತ್ತೆ, ಜಿಎಸ್‌ಟಿ ತಾನೇ ಜೋಡಿ ಜೋಡಿಯಾಗೋ ಪ್ರೋಟೀನ್ ಆದ್ರಿಂದ ನಿಮ್ಮ ಎನ್ಜೈಮ್ ಎಷ್ಟೆಷ್ಟು ಸೇರ್ಕೊಂಡಿದೆ ಅನ್ನೋ ಲೆಕ್ಕವನ್ನೂ ಕೆಡಿಸ್ಬಹುದು.

ಶುದ್ಧತೆ 85 ಪರ್ಸೆಂಟ್, 90 ಪರ್ಸೆಂಟ್ ಅಂತ ಇರೋದು ಜೆಲ್ ಮೇಲಿನ ಬ್ಯಾಂಡ್ ನೋಡಿ ಹೇಳಿರೋದು. ಆ ಜೆಲ್‌ನಲ್ಲಿ ಎಸ್‌ಡಿಎಸ್ ಅನ್ನೋ ಸೋಪಿನಂಥ ರಾಸಾಯನಿಕ ಹಾಕಿ ಬಿಸಿ ಮಾಡಿ ಪ್ರೋಟೀನನ್ನ ಪೂರ್ತಿ ಬಿಚ್ಚಿ ಓಡಿಸಿರ್ತಾರೆ. ಸರಿಯಾಗಿ ಮಡಚ್ಕೊಂಡಿದ್ದ ಪ್ರೋಟೀನೂ ಮುದ್ದೆಯಾಗಿದ್ದ ಪ್ರೋಟೀನೂ ಅಲ್ಲಿ ಒಂದೇ ಥರ ಕಾಣತ್ತೆ, ನನ್ನ ಎರಡು ವಾರ ಹೋಗಿದ್ದು ಇಲ್ಲೇ. ಇನ್ನು ಆ ಉಳಿದ 10-15 ಪರ್ಸೆಂಟ್ ಏನು ಅಂತಲೂ ಯೋಚ್ನೆ ಮಾಡಿ, ಅದು ಹೆಚ್ಚಾಗಿ ಹೋಸ್ಟ್ ಬ್ಯಾಕ್ಟೀರಿಯಾದ ಸ್ವಂತ ಪ್ರೋಟೀನ್. ಇ. ಕೋಲೈ ಎನ್ಜೈಮನ್ನ ಇ. ಕೋಲೈನಲ್ಲೇ ಮಾಡಿದ್ರೆ ಹೋಸ್ಟ್‌ದೇ ಆದ ಅದೇ ಎನ್ಜೈಮ್ ಚೂರು ಸೇರ್ಕೊಂಡಿರೋ ಸಾಧ್ಯತೆ ಇದೆ. ನೀವು ಮ್ಯುಟೆಂಟ್ (ಜೀನ್ ಬದಲಾಯಿಸಿ ಮಾಡಿದ) ಎನ್ಜೈಮ್ ತರಿಸಿ ಅದರಲ್ಲಿ ನೂರಕ್ಕೆ ಒಂದು ಪಾಲು ಆಕ್ಟಿವಿಟಿ ಉಳಿದಿದೆ ಅಂತ ಬರೆಯೋ ಮುಂಚೆ, ಆ ಒಂದು ಪಾಲು ಮ್ಯುಟೆಂಟ್‌ದಾ ಅಥವಾ ಹೋಸ್ಟ್‌ದಾ ಅಂತ ಕೇಳ್ಕೊಳ್ಳಲೇಬೇಕು.

ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಹೊರಪೊರೆಯಿಂದ ಬರೋ ವಿಷ) ಸಾಲು ಟ್ಯೂಬ್ ಒಳಗಿನ ಎನ್ಜೈಮ್ ಕೆಲಸಕ್ಕೆ ಮುಖ್ಯ ಅಲ್ಲ. ಆದ್ರೆ ಇದನ್ನ ಜೀವಂತ ಕೋಶಗಳ ಮೇಲೆ, ಅದರಲ್ಲೂ ಮ್ಯಾಕ್ರೋಫೇಜ್ ಥರದ ರೋಗನಿರೋಧಕ ಕೋಶಗಳ ಮೇಲೆ ಹಾಕೋದಾದ್ರೆ ಬಹಳ ಮುಖ್ಯ, ಇ. ಕೋಲೈ ಹೊರಪೊರೆಯ ಎಲ್‌ಪಿಎಸ್, ಅಂದ್ರೆ ಇದೇ ಎಂಡೋಟಾಕ್ಸಿನ್, ಚೂರು ಇದ್ರೂ ಆ ಕೋಶಗಳು ಕೆರಳಿ ಸೈಟೋಕೈನ್ ಅನ್ನೋ ಸಂಕೇತದ ಪ್ರೋಟೀನ್ ಬಿಡ್ತವೆ, ನೀವು ನಿಮ್ಮ ಪ್ರೋಟೀನಿಂದ ಆಯ್ತು ಅಂತ ಬರ್ಕೋತೀರಿ. ಮತ್ತೆ ಸಂಶೋಧನೆಗೆ ಮಾತ್ರ ಅಂತ ಲೇಬಲ್ ಮೇಲೆ ಇರೋದನ್ನ ಅಕ್ಷರಶಃ ತಗೊಳ್ಳಿ. ಔಷಧಕ್ಕೆ, ರೋಗಿಯ ಸ್ಯಾಂಪಲ್ ರಿಪೋರ್ಟ್‌ಗೆ, ಆಹಾರಕ್ಕೆ ಬೇಕಾದ ಯಾವ ಪರೀಕ್ಷೆಯೂ ಇದರ ಮೇಲೆ ನಡೆದಿರಲ್ಲ.

ಪೆಟ್ಟಿಗೆ ಬಂದ ಗಳಿಗೆ

ಒಣ ಪುಡಿಯಾಗಿದ್ರೆ ಐಸ್ ಪ್ಯಾಕ್‌ನಲ್ಲಿ ಬರತ್ತೆ, ಐಸ್ ಪ್ಯಾಕ್ ದಾರೀಲಿ ಕರಗಿದ್ರೂ ಬಹಳ ಸಲ ಏನೂ ಆಗಿರಲ್ಲ. ದ್ರವವಾಗಿದ್ರೆ ಡ್ರೈ ಐಸ್‌ನಲ್ಲಿ ಬರತ್ತೆ, ಅದು ಮೈನಸ್ 78 ಡಿಗ್ರಿ, ಬರಿಗೈಲಿ ಮುಟ್ಬೇಡಿ, ಗಾಳಿ ಆಡೋ ಕಡೆ ಪೆಟ್ಟಿಗೆ ತೆಗೀರಿ, ಉಳಿದ ಡ್ರೈ ಐಸನ್ನ ಮುಚ್ಚಳ ಬಿಗಿದ ಡಬ್ಬೀಲಿ ಇಡ್ಲೇಬೇಡಿ, ಗ್ಯಾಸ್ ತುಂಬಿ ಸಿಡಿಯತ್ತೆ. ಪೆಟ್ಟಿಗೇಲಿ ಡ್ರೈ ಐಸ್ ಉಳಿದಿತ್ತಾ ಇಲ್ವಾ ಅಂತ ಫೋಟೋ ತೆಗೆದಿಟ್ಕೊಳ್ಳಿ, ಲಾಟ್ ನಂಬರ್ (ತಯಾರಾದ ಬ್ಯಾಚ್‌ನ ನಂಬರ್) ಬರ್ಕೊಳ್ಳಿ, ಮುಂದೆ ಕಂಪನಿ ಜೊತೆ ಮಾತಾಡ್ಬೇಕಾದ್ರೆ ಈ ಎರಡೇ ನಿಮ್ಮ ಆಧಾರ.

ಕರಗಿಸೋದು

ಫ್ರೀಜರ್‌ನಿಂದ ತೆಗೆದ ವಯಲ್ ಮುಚ್ಚಳವನ್ನ ತಕ್ಷಣ ತೆಗೀಬೇಡಿ, ತಣ್ಣಗಿರೋ ಪುಡಿ ಮೇಲೆ ಗಾಳಿಯ ತೇವ ಕೂತ್ಕೊಳ್ಳತ್ತೆ. ಹತ್ತು ಹದಿನೈದು ನಿಮಿಷ ಬೆಂಚ್ ಮೇಲೆ ಇಟ್ಟು ರೂಮ್ ಟೆಂಪರೇಚರ್‌ಗೆ ಬರ್ಲಿ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ಸ್ಪಿನ್ ಮಾಡಿ. ಈ ಒಂದು ಕೆಲಸ ಬಿಡೋರು ಎಷ್ಟೋ ಜನ, ಸಾಗಾಣಿಕೇಲಿ ಅಲ್ಲಾಡಿ ಪುಡಿ ಮುಚ್ಚಳದ ಒಳಗಡೆ ಅಂಟ್ಕೊಂಡಿರತ್ತೆ, ಮುಚ್ಚಳ ತಿರುಗಿಸಿದಾಗ ಹಗುರವಾಗಿ ಹಾರ್ಕೊಂಡು ಹೋಗತ್ತೆ, ನೀವು ಖಾಲಿ ವಯಲ್‌ಗೆ ನೀರು ಹಾಕ್ತೀರಿ.

ಈಗ ನಮ್ಮ 50 ಮೈಕ್ರೋಗ್ರಾಂಗೆ 50 ಮೈಕ್ರೋಲೀಟರ್ ಸ್ಟೆರೈಲ್ ನೀರು, ಅಥವಾ ಡೇಟಾಶೀಟ್‌ನಲ್ಲಿ ಯಾವ ಬಫರ್ ಹೇಳಿದ್ದಾರೋ ಅದು. ಪುಡಿ ಮಾಡೋ ಮುಂಚೆ ಬಫರ್ ಉಪ್ಪು, ಟ್ರೆಹಲೋಸ್ ಸಕ್ಕರೆ ಎಲ್ಲ ಸೇರಿಸಿಯೇ ಒಣಗಿಸಿರ್ತಾರೆ, ಹಾಗಾಗಿ ಬರೀ ನೀರು ಹಾಕಿದ್ರೆ ಮೂಲ ಬಫರ್ ವಾಪಸ್ ಬರತ್ತೆ, ಅದರ ಮೇಲೆ ನೀವು ಮತ್ತೆ ಬಫರ್ ಸುರಿದ್ರೆ ಉಪ್ಪು ಡಬಲ್ ಆಗತ್ತೆ. ನೀರನ್ನ ಪುಡಿ ಮೇಲೆ ರಭಸವಾಗಿ ಬಿಡದೆ ಗೋಡೆಗುಂಟ ನಿಧಾನಕ್ಕೆ ಇಳಿಸಿ, ಗೋಡೆಗೆ ಅಂಟಿರೋ ಪೊರೆನೂ ತೊಳ್ಕೊಂಡು ಬರ್ಲಿ. ಐಸ್ ಮೇಲೆ ಹದಿನೈದು ನಿಮಿಷ ಬಿಟ್ಬಿಡಿ. ಮಧ್ಯೆ ಒಂದೆರಡು ಸಲ ಬೆರಳಿಂದ ಮೆಲ್ಲಗೆ ತಟ್ಟಿ, ವಯಲನ್ನ ಓರೆ ಮಾಡಿ ಸುತ್ತಿಸಿ. ವೋರ್ಟೆಕ್ಸ್ ಬೇಡ, ಪಿಪೆಟ್‌ನಲ್ಲಿ ಗುಳುಗುಳು ಅನ್ನಿಸೋದೂ ಬೇಡ, ನೊರೆ ಬಂತು ಅಂದ್ರೆ ಗಾಳಿ ಮತ್ತೆ ನೀರು ಸೇರೋ ಆ ತೆಳು ಪದರದಲ್ಲಿ ಪ್ರೋಟೀನ್ ಬಿಚ್ಕೊಂಡು ಹಾಳಾಗತ್ತೆ, ಒಂದ್ಸಲ ಹಾಗಾದ್ರೆ ಸರಿ ಮಾಡೋಕೆ ಬರಲ್ಲ.

ಈಗ ಗಾಢತೆ 1 ಮಿಲಿಗ್ರಾಂ ಪರ್ ಮಿಲಿ. ಇದಕ್ಕೆ ಅಷ್ಟೇ ಅಂದ್ರೆ 50 ಮೈಕ್ರೋಲೀಟರ್ ಸ್ಟೆರೈಲ್ ಗ್ಲಿಸರಾಲ್ ಸೇರಿಸಿದ್ರೆ 100 ಮೈಕ್ರೋಲೀಟರ್‌ನಲ್ಲಿ 0.5 ಮಿಲಿಗ್ರಾಂ ಪರ್ ಮಿಲಿ, 50 ಪರ್ಸೆಂಟ್ ಗ್ಲಿಸರಾಲ್. ಗ್ಲಿಸರಾಲ್ ಎಳೆಯೋದು ಒಂದು ಕಲೆ ಅನ್ನಿ. ಜೇನಿನ ಹಾಗೆ ಅಂಟು, ಪಿಪೆಟ್ ಬಟನ್ ಬೇಗ ಬಿಟ್ರೆ ಅರ್ಧ ಮಾತ್ರ ಮೇಲೆ ಬಂದಿರತ್ತೆ, ಟಿಪ್‌ನಲ್ಲಿ ಗಾಳಿ ಗುಳ್ಳೆ ಇರತ್ತೆ. ಟಿಪ್ ತುದಿಯನ್ನ ಬ್ಲೇಡ್‌ನಲ್ಲಿ ಸ್ವಲ್ಪ ಕತ್ತರಿಸಿ, ಬಟನ್ ಬಹಳ ನಿಧಾನಕ್ಕೆ ಬಿಡಿ, ಟಿಪ್ ಅಲ್ಲೇ ಮುಳುಗಿಸಿ ನಾಲ್ಕೈದು ಸೆಕೆಂಡ್ ಕಾಯಿರಿ, ಹೊರಗಡೆ ಅಂಟಿರೋದನ್ನ ಟ್ಯೂಬ್ ಬಾಯಿಗೆ ಒರೆಸಿ, ಆಮೇಲೆ ಹಾಕಿ. ಹಾಕಿದ ಗ್ಲಿಸರಾಲ್ ಸೀದಾ ತಳಕ್ಕೆ ಹೋಗಿ ಕೂತ್ಕೊಳ್ಳತ್ತೆ, ಬೆಳಕಿಗೆ ಹಿಡಿದ್ರೆ ಕೂದಲೆಳೆ ಥರ ಗೆರೆಗಳು ಒಳಗೆ ಸುಳಿದಾಡೋದು ಕಾಣತ್ತೆ. ಆ ಗೆರೆ ಪೂರ್ತಿ ಮಾಯ ಆಗೋವರೆಗೂ ಟ್ಯೂಬನ್ನ ಮೆಲ್ಲಗೆ ತಲೆಕೆಳಗೆ ಮಾಡಿ ಮಾಡಿ ಬೆರೆಸಿ. ಗೆರೆ ಇರೋವಾಗಲೇ ಪಾಲು ಮಾಡಿದ್ರೆ ಒಂದು ಟ್ಯೂಬ್‌ಗೆ ಪ್ರೋಟೀನ್ ಜಾಸ್ತಿ ಇನ್ನೊಂದಕ್ಕೆ ಕಮ್ಮಿ ಹೋಗಿ, ತಿಂಗಳಾದ ಮೇಲೆ ರಿಸಲ್ಟ್ ಯಾಕೆ ಕೂಡ್ತಿಲ್ಲ ಅಂತ ತಲೆ ಕೆಡಿಸ್ಕೋತೀರಿ.

ಪಾಲು ಮಾಡಿ ಇಡೋದು

ಹತ್ತು ಟ್ಯೂಬ್, ಒಂದೊಂದಕ್ಕೆ 10 ಮೈಕ್ರೋಲೀಟರ್. ಲೋ ಬೈಂಡ್ ಟ್ಯೂಬ್ ಸಿಕ್ಕಿದ್ರೆ ಅದೇ ತಗೊಳ್ಳಿ, ಪ್ರೋಟೀನ್ ತೆಳುವಾಗಿದ್ದಷ್ಟೂ ಪ್ಲಾಸ್ಟಿಕ್ ಗೋಡೆಗೆ ಅಂಟಿ ಕಳೆದುಹೋಗೋ ಪಾಲು ಜಾಸ್ತಿ. ಪ್ರತಿ ಟ್ಯೂಬ್ ಮೇಲೆ ಹೆಸರು, ಲಾಟ್, ಗಾಢತೆ, ತಾರೀಖು, ಇಷ್ಟನ್ನೂ ಅಳಿಸದ ಪೆನ್‌ನಲ್ಲಿ ಬರೀರಿ.

50 ಪರ್ಸೆಂಟ್ ಗ್ಲಿಸರಾಲ್ ಇದ್ರೆ ಮೈನಸ್ 20ರಲ್ಲೂ ಗಟ್ಟಿಯಾಗಲ್ಲ, ದ್ರವವಾಗೇ ಇರತ್ತೆ, ಹಾಗಾಗಿ ಹೆಪ್ಪುಗಟ್ಟಿ ಕರಗೋ ಪೆಟ್ಟು ಬೀಳಲ್ಲ. ಐದು ಪರ್ಸೆಂಟ್ ಗ್ಲಿಸರಾಲ್ ಇದ್ರೆ ಗಟ್ಟಿಯಾಗತ್ತೆ, ಆವಾಗ ಮೈನಸ್ 80ರಲ್ಲಿಡಿ, ಒಂದು ಟ್ಯೂಬ್ ಒಂದೇ ಸಲ ಕರಗಿಸಿ, ಉಳಿದಿದ್ದನ್ನ ವಾಪಸ್ ಫ್ರೀಜ್ ಮಾಡ್ಬೇಡಿ. ತಾನಾಗೇ ಐಸ್ ಕರಗಿಸ್ಕೊಳ್ಳೋ ಫ್ರಾಸ್ಟ್ ಫ್ರೀ ಫ್ರೀಜರ್ ಇದೆಯಲ್ಲ, ಅದರಲ್ಲಿ ಎನ್ಜೈಮ್ ಇಡ್ಬೇಡಿ, ಅದು ಆಗಾಗ ಒಳಗಡೆ ಬಿಸಿ ಮಾಡ್ಕೊಂಡು ತಣಿಯತ್ತೆ.

ಬಫರ್ ವಿಷ್ಯನೂ ಇಲ್ಲೇ ಹೇಳ್ಬಿಡ್ತೀನಿ, ಗೊತ್ತಿಲ್ದೆ ಎನ್ಜೈಮ್ ಕಳ್ಕೊಂಡವರು ಬಹಳ. ಸೋಡಿಯಂ ಫಾಸ್ಫೇಟ್ ಬಫರ್ ಹೆಪ್ಪುಗಟ್ಟುವಾಗ ಅದರ ಒಂದು ಉಪ್ಪು ಮೊದಲು ಹರಳಾಗಿ ಬೇರೆ ಆಗತ್ತೆ, ಉಳಿದ ದ್ರವದ ಪಿಎಚ್ ಎರಡು ಮೂರು ಅಂಕಿ ಕೆಳಗಿಳೀಬಹುದು, ಪ್ರೋಟೀನ್ ಆ ಹುಳಿಯೊಳಗೆ ಕೂತಿರತ್ತೆ. ಟ್ರಿಸ್ ಬಫರ್‌ಗೆ ಇನ್ನೊಂದು ಚಾಳಿ, ತಣ್ಣಗಾದಂತೆ ಪಿಎಚ್ ಏರತ್ತೆ, ಒಂದು ಡಿಗ್ರಿಗೆ ಸುಮಾರು 0.028ರಂತೆ, 25 ಡಿಗ್ರಿಯಲ್ಲಿ 8.0 ಮಾಡಿಟ್ಟ ಬಫರ್ 4 ಡಿಗ್ರಿಯಲ್ಲಿ 8.6ರ ಹತ್ರ ಇರತ್ತೆ. ಯಾವ ತಾಪದಲ್ಲಿ ಬಳಸ್ತೀರೋ ಆ ತಾಪದಲ್ಲೇ ಪಿಎಚ್ ನೋಡ್ಕೊಳ್ಳಿ.

ದ್ರವದ ಪಾಲು ಆರು ತಿಂಗಳು, ಪುಡಿ ಒಂದು ವರ್ಷ, 4 ಡಿಗ್ರಿಯಲ್ಲಿ ಇಟ್ಟ ಟ್ಯೂಬ್ ಒಂದು ವಾರ ಅಂತ ಸಾಮಾನ್ಯವಾಗಿ ಡೇಟಾಶೀಟ್‌ಗಳಲ್ಲಿ ಬರೆದಿರ್ತಾರೆ. ಅದು ಅಂದಾಜು ಅಷ್ಟೇ, ನಿಮ್ಮ ಎನ್ಜೈಮ್ ಎಷ್ಟು ದಿನ ಬಾಳತ್ತೆ ಅನ್ನೋದನ್ನ ನಿಮ್ಮ ನೋಟ್‌ಬುಕ್ ಹೇಳ್ಬೇಕು.

ನಿಜವಾಗ್ಲೂ ಅಷ್ಟಿದೆಯಾ

ಲೇಬಲ್ ಮೇಲೆ 50 ಮೈಕ್ರೋಗ್ರಾಂ ಅಂತ ಇದ್ದ ಮಾತ್ರಕ್ಕೆ ಟ್ಯೂಬಲ್ಲಿ ಅಷ್ಟು ಬಂತು ಅಂತಲ್ಲ. ಒಂದೆರಡು ಮೈಕ್ರೋಲೀಟರ್ ತಗೊಂಡು 280 ನ್ಯಾನೋಮೀಟರ್ ಬೆಳಕನ್ನ ಎಷ್ಟು ಹೀರತ್ತೆ ಅಂತ ನೋಡಿ, ಈ ಎನ್ಜೈಮ್ ಒಂದು ಮಿಲಿಗ್ರಾಂ ಪರ್ ಮಿಲಿ ಇದ್ರೆ ಒಂದು ಸೆಂಟಿಮೀಟರ್ ದಾರೀಲಿ ಸುಮಾರು 2.1 ಬರತ್ತೆ, ನಮ್ಮದು ಅರ್ಧ ಇದ್ದಿದ್ರಿಂದ ಒಂದರ ಆಸುಪಾಸು ಬರ್ಬೇಕು. ಬ್ಲ್ಯಾಂಕ್‌ಗೆ (ಸೊನ್ನೆ ಅಂತ ಹಿಡಿಯೋ ಸ್ಯಾಂಪಲ್‌ಗೆ) ಬರೀ ನೀರಿಡದೆ ಅದೇ ಬಫರ್ ಅದೇ ಗ್ಲಿಸರಾಲ್ ಇಡಿ. ಬ್ರಾಡ್‌ಫರ್ಡ್ (ಬಣ್ಣ ಹಾಕಿ ಪ್ರೋಟೀನ್ ಅಳೆಯೋ ಟೆಸ್ಟ್) ಮಾಡೋದಾದ್ರೆ ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಸ್ಟ್ಯಾಂಡರ್ಡ್ ಆ ಬಣ್ಣಕ್ಕೆ ಬೇರೆ ಪ್ರೋಟೀನ್‌ಗಳಿಗಿಂತ ಜಾಸ್ತಿ ಸ್ಪಂದಿಸತ್ತೆ, ನಿಮ್ಮ ಪ್ರೋಟೀನ್ ಇರೋದಕ್ಕಿಂತ ಕಮ್ಮಿ ಕಾಣ್ಬಹುದು. ಇನ್ನೊಂದು, ಕೆಲವು ವಯಲ್‌ಗಳಲ್ಲಿ ಎನ್ಜೈಮ್ ಅಂಟ್ಕೊಳ್ಳದೇ ಇರ್ಲಿ ಅಂತ ಕಂಪನಿಯವರೇ ಬಿಎಸ್‌ಎ ಹಾಕಿರ್ತಾರೆ, ಕ್ಯಾರಿಯರ್ ಅಂತ ಬರೆದಿರತ್ತೆ, ಆವಾಗ ಈ ಎರಡೂ ಅಳತೆ ಬಿಎಸ್‌ಎಯನ್ನೇ ಅಳೀತವೆ, ಮಾಡಿ ಪ್ರಯೋಜನ ಇಲ್ಲ. ಜೆಲ್ ಓಡಿಸ್ತೀರಾದ್ರೆ 116ರ ಹತ್ರ ನೋಡಿ, ಎಷ್ಟೋ ಮಾರ್ಕರ್‌ಗಳಲ್ಲಿ 116ರ ಬ್ಯಾಂಡ್ ಆಗಿ ಹಾಕಿರೋದು ಇದೇ ಬೀಟಾ ಗ್ಯಾಲಕ್ಟೊಸಿಡೇಸ್.

ಆಕ್ಟಿವಿಟಿ ಅಳೆಯೋದು

ಇದಕ್ಕೆ ಓಎನ್‌ಪಿಜಿ ಅನ್ನೋ ಸಬ್‌ಸ್ಟ್ರೇಟ್ ಬೇಕು. ಲ್ಯಾಕ್ಟೋಸ್ ಥರಾನೇ ಒಂದು ಕಡೆ ಗ್ಯಾಲಕ್ಟೋಸ್, ಇನ್ನೊಂದು ಕಡೆ ಗ್ಲೂಕೋಸ್ ಬದಲು ನೈಟ್ರೋಫೀನಾಲ್. ಸೇರ್ಕೊಂಡಿರೋವಾಗ ಬಣ್ಣ ಇಲ್ಲ, ಎನ್ಜೈಮ್ ಕತ್ತರಿಸಿ ಬಿಟ್ಟ ಕೂಡ್ಲೇ ಹಳದಿ.

ಬಫರ್‌ಗೆ ಝೆಡ್ ಬಫರ್ ಅಂತಾರೆ: ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್ 60 ಮಿಲಿಮೋಲಾರ್, ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್ 40, ಪೊಟ್ಯಾಸಿಯಂ ಕ್ಲೋರೈಡ್ 10, ಮೆಗ್ನೀಸಿಯಂ ಸಲ್ಫೇಟ್ 1, ಪಿಎಚ್ 7.0. ಬಳಸೋ ದಿನ ಮಾತ್ರ 100 ಮಿಲಿಗೆ 0.35 ಮಿಲಿ ಬೀಟಾ ಮರ್ಕ್ಯಾಪ್ಟೋಇಥನಾಲ್ ಸೇರಿಸಿ, ಅಂದ್ರೆ 50 ಮಿಲಿಮೋಲಾರ್ ಆಗತ್ತೆ, ಇದು ವಿಷ, ವಾಸನೆಯೂ ತಡೆಯಕ್ಕಾಗಲ್ಲ, ಫ್ಯೂಮ್ ಹುಡ್ ಒಳಗೆ ಗ್ಲೌಸ್ ಹಾಕ್ಕೊಂಡೇ ಮಾಡಿ. ಮೆಗ್ನೀಸಿಯಂ ಒಂದೇ ಮಿಲಿಮೋಲಾರ್ ಅಂತ ಅಸಡ್ಡೆ ಬೇಡ, ಇದಿಲ್ದೆ ಎನ್ಜೈಮ್ ಸರಿಯಾಗಿ ಕೆಲಸ ಮಾಡಲ್ಲ. ಓಎನ್‌ಪಿಜಿಯನ್ನ ಮಿಲಿಗೆ 4 ಮಿಲಿಗ್ರಾಂನಂತೆ ಫಾಸ್ಫೇಟ್ ಬಫರ್‌ನಲ್ಲಿ ಅವತ್ತೇ ಕರಗಿಸ್ಕೊಳ್ಳಿ, ನಿಧಾನಕ್ಕೆ ಕರಗತ್ತೆ, ತಾಳ್ಮೆ ಇರ್ಲಿ. ಕರಗಿಸಿದ ದ್ರಾವಣ ಎನ್ಜೈಮ್ ಹಾಕೋ ಮುಂಚೆಯೇ ಹಳದಿ ಕಂಡ್ರೆ ಎಸೀರಿ. ನಿಲ್ಲಿಸೋಕೆ 1 ಮೋಲಾರ್ ಸೋಡಿಯಂ ಕಾರ್ಬೊನೇಟ್.

ಎನ್ಜೈಮನ್ನ ಹಾಗೇ ಹಾಕಿದ್ರೆ ಕ್ಷಣದಲ್ಲಿ ಸಬ್‌ಸ್ಟ್ರೇಟ್ ಮುಗಿದುಹೋಗತ್ತೆ, ತೆಳು ಮಾಡ್ಬೇಕು. ಒಂದು 10 ಮೈಕ್ರೋಲೀಟರ್ ಟ್ಯೂಬ್ ತಗೊಂಡು 490 ಮೈಕ್ರೋಲೀಟರ್ ಝೆಡ್ ಬಫರ್‌ಗೆ ಹಾಕಿ, ಆ ಬಫರ್‌ನಲ್ಲಿ ಮಿಲಿಗೆ 1 ಮಿಲಿಗ್ರಾಂ ಬಿಎಸ್‌ಎ ಇರ್ಲಿ, ಇಲ್ಲಾಂದ್ರೆ ಇಷ್ಟು ತೆಳು ಎನ್ಜೈಮ್ ಗೋಡೆಗೇ ಅಂಟಿ ಹೋಗತ್ತೆ. ಈಗ ಇದರ 10 ಮೈಕ್ರೋಲೀಟರ್‌ನಲ್ಲಿ 0.1 ಮೈಕ್ರೋಗ್ರಾಂ ಎನ್ಜೈಮ್ ಇದೆ. ಐಸ್ ಮೇಲಿಡಿ, ಅವತ್ತೇ ಬಳಸಿ, ಮಿಕ್ಕಿದ್ದನ್ನ ನಾಳೆಗೆ ಅಂತ ಇಡ್ಬೇಡಿ.

ಟೆಸ್ಟ್ ಟ್ಯೂಬ್‌ಗೆ 790 ಮೈಕ್ರೋಲೀಟರ್ ಝೆಡ್ ಬಫರ್, 10 ಮೈಕ್ರೋಲೀಟರ್ ತೆಳು ಎನ್ಜೈಮ್, 37 ಡಿಗ್ರಿ ವಾಟರ್ ಬಾತ್‌ನಲ್ಲಿ ಐದು ನಿಮಿಷ. ಓಎನ್‌ಪಿಜಿಯನ್ನೂ ಅದೇ ಬಾತ್‌ನಲ್ಲಿ ಬೆಚ್ಚಗಿಡಿ, ಫ್ರಿಜ್‌ನಿಂದ ತೆಗೆದು ಹಾಗೇ ಹಾಕಿದ್ರೆ ಮೊದಲ ಒಂದೆರಡು ನಿಮಿಷ ಟ್ಯೂಬ್ 37ರಲ್ಲೇ ಇರಲ್ಲ. 200 ಮೈಕ್ರೋಲೀಟರ್ ಓಎನ್‌ಪಿಜಿ ಹಾಕಿ ಸ್ಟಾಪ್‌ವಾಚ್ ಒತ್ತಿ. ಬಿಳಿ ಕಾಗದ ಹಿಂದೆ ಹಿಡಿದು ನೋಡಿ, ಮೊದಲು ಏನೂ ಇಲ್ಲ ಅನ್ಸತ್ತೆ, ಆಮೇಲೆ ನೀರಿಗೆ ಒಂದು ಚಿಟಿಕೆ ಅರಿಶಿನ ಬಿದ್ದಂಗೆ ತಿಳಿ ಹಳದಿ ಹಬ್ಬತ್ತೆ. ಸರಿಯಾಗಿ 5 ನಿಮಿಷಕ್ಕೆ 500 ಮೈಕ್ರೋಲೀಟರ್ ಕಾರ್ಬೊನೇಟ್ ಹಾಕಿ. ಹಾಕಿದ ಕ್ಷಣ ಹಳದಿ ಗಾಢ ಆಗತ್ತೆ, ಗಾಬರಿ ಬೇಡ. ಪಿಎಚ್ 11ರ ಹತ್ರ ಹೋಗಿ ಎನ್ಜೈಮ್ ನಿಂತಿದೆ, ಜೊತೆಗೆ ಪಿಎಚ್ 7ರಲ್ಲಿ ಅರ್ಧದಷ್ಟು ಬಣ್ಣವಿಲ್ದೆ ಇದ್ದ ನೈಟ್ರೋಫೀನಾಲ್ ಪೂರ್ತಿ ಹಳದಿ ರೂಪಕ್ಕೆ ಬಂದಿದೆ. 420 ನ್ಯಾನೋಮೀಟರ್‌ನಲ್ಲಿ ಓದಿ.

ಎನ್ಜೈಮ್ ಹಾಕದ ಟ್ಯೂಬ್ ಒಂದು, 95 ಡಿಗ್ರಿಯಲ್ಲಿ ಹತ್ತು ನಿಮಿಷ ಕಾಯಿಸಿದ ಎನ್ಜೈಮ್ ಹಾಕಿದ್ದು ಒಂದು, ಈ ಎರಡು ಯಾವಾಗ್ಲೂ ಜೊತೇಲಿರ್ಲಿ. ಸಾಧ್ಯ ಆದ್ರೆ ಕೆಲಸ ಮಾಡತ್ತೆ ಅಂತ ಮೊದಲೇ ಗೊತ್ತಿರೋ ಹಳೇ ಲಾಟ್ ಕೂಡ ಒಂದು. ಕಾಯಿಸಿದ್ದರಲ್ಲೂ ಹಳದಿ ಬಂದ್ರೆ ಬಣ್ಣ ಎಲ್ಲಿಂದಲೋ ಬೇರೆ ಕಡೆಯಿಂದ ಬರ್ತಿದೆ ಅಂತ ಅರ್ಥ.

ಲೆಕ್ಕ ಹೀಗೆ. ಬ್ಲ್ಯಾಂಕ್ ಕಳೆದು 0.45 ಬಂತು ಅನ್ನಿ. ಈ ಹಳದಿಯ ಮೋಲಾರ್ ಗುಣಾಂಕ (ಒಂದು ಮೋಲಾರ್ ದ್ರಾವಣ ಒಂದು ಸೆಂಟಿಮೀಟರ್ ದಾರೀಲಿ ಎಷ್ಟು ಬೆಳಕು ಹೀರತ್ತೆ ಅನ್ನೋ ಅಳತೆ) ಸುಮಾರು 4,500. 0.45ನ್ನ 4,500ರಿಂದ ಭಾಗಿಸಿದ್ರೆ 0.0001 ಮೋಲಾರ್, ಅಂದ್ರೆ ಮಿಲಿಗೆ 100 ನ್ಯಾನೋಮೋಲ್. ಟ್ಯೂಬ್‌ನಲ್ಲಿ ಈಗ ಇರೋದು ಒಂದೂವರೆ ಮಿಲಿ, ಕಾರ್ಬೊನೇಟ್ ಸೇರಿಸಿ, ಇದನ್ನ ಮರೆತು ಒಂದು ಮಿಲಿಗೆ ಲೆಕ್ಕ ಹಾಕೋರೇ ಜಾಸ್ತಿ. ಹಾಗಾಗಿ 150 ನ್ಯಾನೋಮೋಲ್, ಐದು ನಿಮಿಷದಲ್ಲಿ, ಅಂದ್ರೆ ನಿಮಿಷಕ್ಕೆ 30. ನಿಮಿಷಕ್ಕೆ ಒಂದು ಮೈಕ್ರೋಮೋಲ್ ಒಡೆದ್ರೆ ಒಂದು ಯೂನಿಟ್, ನಮ್ಮದು 0.03 ಯೂನಿಟ್. ಹಾಕಿದ್ದು 0.1 ಮೈಕ್ರೋಗ್ರಾಂ, ಅಂದ್ರೆ 0.0001 ಮಿಲಿಗ್ರಾಂ. ಭಾಗಿಸಿದ್ರೆ ಮಿಲಿಗ್ರಾಂಗೆ 300 ಯೂನಿಟ್. ಇದೇ ಆ ನಂಬರ್, ಸ್ಪೆಸಿಫಿಕ್ ಆಕ್ಟಿವಿಟಿ ಅಂತಾರೆ, ಲಾಟ್ ನಂಬರ್ ಪಕ್ಕದಲ್ಲಿ ಬರೀರಿ. ಪ್ಲೇಟ್ ರೀಡರ್‌ನಲ್ಲಿ ಓದಿದ್ರೆ ದಾರಿ ಒಂದು ಸೆಂಟಿಮೀಟರ್ ಇರಲ್ಲ, 96 ಬಾವಿಯ ಪ್ಲೇಟ್‌ಗೆ 200 ಮೈಕ್ರೋಲೀಟರ್ ಹಾಕಿದ್ರೆ ಅರ್ಧ ಸೆಂಟಿಮೀಟರ್ ಆಸುಪಾಸು, ಅದನ್ನ ಸರಿಪಡಿಸದೆ ಈ ಲೆಕ್ಕ ಹಾಕ್ಬೇಡಿ.

ಒಂದೇ ಟ್ಯೂಬ್ ನಂಬಿ ನಿಲ್ಲಿಸ್ಬೇಡಿ. 1, 2, 5, 10 ನಿಮಿಷಕ್ಕೆ ಬೇರೆ ಬೇರೆ ಟ್ಯೂಬ್ ನಿಲ್ಲಿಸಿ ಗ್ರಾಫ್ ಹಾಕಿ, ನೇರ ಗೆರೆ ಬರ್ಬೇಕು. ಎನ್ಜೈಮ್ ಅರ್ಧ ಹಾಕಿದ್ರೆ ವೇಗ ಅರ್ಧ ಆಗ್ಬೇಕು. ಗೆರೆ ಮೇಲೆ ಹೋಗ್ತಾ ಬಾಗ್ತಿದ್ರೆ ಸಬ್‌ಸ್ಟ್ರೇಟ್ ಖಾಲಿಯಾಗ್ತಿರ್ಬಹುದು ಅಥವಾ ಎನ್ಜೈಮ್ ಆ ಬಿಸೀಲಿ ಸಾಯ್ತಿರ್ಬಹುದು. ನಮ್ಮ ಟ್ಯೂಬ್‌ನಲ್ಲಿ ಹಾಕಿದ ಓಎನ್‌ಪಿಜಿ ಸುಮಾರು 2.7 ಮೈಕ್ರೋಮೋಲ್, ಒಡೆದದ್ದು 0.15, ನೂರಕ್ಕೆ ಆರರಷ್ಟೂ ಇಲ್ಲ, ಹಾಗಾಗಿ ತೊಂದರೆ ಇಲ್ಲ. ಹತ್ತು ದಾಟಿದ್ರೆ ಎನ್ಜೈಮ್ ಇನ್ನೂ ತೆಳು ಮಾಡಿ.

ಹಳದಿ ಬರ್ಲೇ ಇಲ್ಲ ಅಂದ್ರೆ

ಎನ್ಜೈಮ್ ಸತ್ತಿದೆ ಅನ್ನೋ ತೀರ್ಮಾನಕ್ಕೆ ತಕ್ಷಣ ಬರ್ಬೇಡಿ. ಮೊದಲು ಹತ್ತು ಪಟ್ಟು ಎನ್ಜೈಮ್ ಹಾಕಿ ನೋಡಿ, ಆವಾಗ ಬಂದ್ರೆ ಆಕ್ಟಿವಿಟಿ ಇದೆ, ಕಮ್ಮಿ ಇದೆ ಅಷ್ಟೇ. ಹಳೇ ಲಾಟ್‌ನಲ್ಲೂ ಬರ್ಲಿಲ್ಲ ಅಂದ್ರೆ ತಪ್ಪು ಬಫರ್‌ನಲ್ಲೋ ಓಎನ್‌ಪಿಜಿಯಲ್ಲೋ ಇದೆ. ಸ್ಟೋರೇಜ್ ಬಫರ್‌ನಲ್ಲಿ ಇಡಿಟಿಎ ಇದೆಯಾ ನೋಡಿ, ಅದು ಮೆಗ್ನೀಸಿಯಂ ಕಿತ್ಕೊಳ್ಳತ್ತೆ. ಐವತ್ತು ಪಟ್ಟು ತೆಳು ಮಾಡಿದ ಮೇಲೆ ಸಾಮಾನ್ಯವಾಗಿ ಅದು ಲೆಕ್ಕಕ್ಕೆ ಬರಲ್ಲ, ಆದ್ರೆ ಮೂಲ ಟ್ಯೂಬ್‌ನಲ್ಲೇ ತಿಂಗಳುಗಟ್ಟಲೆ ಮೆಗ್ನೀಸಿಯಂ ಇಲ್ದೆ ಕೂತಿದ್ರೆ ಎನ್ಜೈಮ್‌ಗೆ ಪೆಟ್ಟು ಬಿದ್ದಿರ್ಬಹುದು. ತೆಳು ಎನ್ಜೈಮನ್ನ ಮೆಗ್ನೀಸಿಯಂ ಇರೋ ಬಫರ್‌ನಲ್ಲಿ ಅರ್ಧ ಗಂಟೆ ಐಸ್ ಮೇಲಿಟ್ಟು ಮತ್ತೆ ಅಳೆದು ನೋಡಿ.

ಮೂಲ ಟ್ಯೂಬನ್ನ ಬೆಳಕಿಗೆ ಹಿಡೀರಿ. ಮಬ್ಬಾಗಿದ್ರೆ ಅಥವಾ ಜೋರಾಗಿ ಸ್ಪಿನ್ ಮಾಡಿದಾಗ ತಳದಲ್ಲಿ ಬಿಳಿ ಚುಕ್ಕೆ ಕೂತ್ರೆ ಪ್ರೋಟೀನ್ ಮುದ್ದೆಯಾಗಿದೆ, ಮೇಲಿನ ತಿಳಿಯನ್ನ ಮಾತ್ರ ತೆಗೆದು ಅದರ ಗಾಢತೆ ಮತ್ತೆ ಅಳೀರಿ. ಇಷ್ಟೆಲ್ಲ ಆದ ಮೇಲೂ ಏನೂ ಇಲ್ಲ, ಹಳೇ ಲಾಟ್ ಚೆನ್ನಾಗಿ ನಡೀತಿದೆ ಅಂದ್ರೆ ಮಾತ್ರ ಕಂಪನಿಗೆ ಬರೀರಿ, ಲಾಟ್ ನಂಬರ್, ಪೆಟ್ಟಿಗೆಯ ಫೋಟೋ, ಎರಡೂ ಲಾಟ್‌ನ ಗ್ರಾಫ್ ಒಂದೇ ಹಾಳೇಲಿ ಹಾಕಿ ಕಳಿಸಿ. ಆಕ್ಟಿವಿಟಿ ಟೆಸ್ಟ್ ಮಾಡಿಲ್ಲ ಅಂತ ಅವರು ಮೊದಲೇ ಬರೆದಿದ್ರೆ ದುಡ್ಡು ವಾಪಸ್ ಬರೋದು ಕಷ್ಟ, ಅದಕ್ಕೇ ಮುಂದಿನ ಸಲ ಆರ್ಡರ್ ಮಾಡೋ ಮುಂಚೆ ಯಾವ ಸಬ್‌ಸ್ಟ್ರೇಟ್, ಯಾವ ಪಿಎಚ್, ಯಾವ ತಾಪದಲ್ಲಿ ಎಷ್ಟು ಯೂನಿಟ್ ಅಂತ ಬರಹದಲ್ಲಿ ಕೇಳಿ ತರಿಸ್ಕೊಳ್ಳಿ. ಯೂನಿಟ್ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ ಇರತ್ತೆ, ಒಬ್ಬರ 300 ಇನ್ನೊಬ್ಬರ 300 ಅಲ್ಲ.

ಕೆಲಸ ಮುಗಿದ ಮೇಲೆ ಮರ್ಕ್ಯಾಪ್ಟೋಇಥನಾಲ್ ಮತ್ತೆ ನೈಟ್ರೋಫೀನಾಲ್ ಇರೋ ಹಳದಿ ದ್ರಾವಣವನ್ನ ಸಿಂಕ್‌ಗೆ ಚೆಲ್ಲದೆ ಕೆಮಿಕಲ್ ವೇಸ್ಟ್ ಬಾಟಲಿಗೆ ಹಾಕಿ. ಇನ್ನು ತಿಂಗಳಿಗೊಂದು ಸಲ ಒಂದು ಟ್ಯೂಬ್ ತೆಗೆದು ಇದೇ ಟೆಸ್ಟ್ ಮಾಡಿ ಮೊದಲ ದಿನದ ನಂಬರ್ ಕೆಳಗೇ ಬರೀರಿ. 300 ಇದ್ದದ್ದು 290, 285 ಅಂತ ಇದ್ರೆ ಆರಾಮಾಗಿ ಬಳಸಿ, 240ರ ಕೆಳಗೆ ಬಂದ್ರೆ ನಾನಂತೂ ಆ ಲಾಟ್‌ನಲ್ಲಿ ಹೊಸ ಪ್ರಯೋಗ ಶುರು ಮಾಡಲ್ಲ, ಹೊಸ ವಯಲ್ ತೆಗೀತೀನಿ, ಮೊದಲ ದಿನದ ಕೆಲಸ ಮತ್ತೆ ಮೊದಲಿಂದ ಮಾಡ್ತೀನಿ.